ಇಂಡಿಗೊಬರ್ಡ್: ಸಾಕಿದವರ ಹಾಡನ್ನು ಹಾಡುವ ಹಕ್ಕಿ

ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ಹುಲ್ಲುಗಾವಲು, ಕುರುಚಲು ಕಾಡು ಹಾಗೂ ಊರುಗಳ ಆಸುಪಾಸಿನಲ್ಲಿ ಕಾಳು ಹೆಕ್ಕಿ ಬದುಕುವ, ಗುಬ್ಬಚ್ಚಿಗಿಂತ ಚಿಕ್ಕದಾದ ಹಾಡುಹಕ್ಕಿಗಳ ಒಂದು ಗುಂಪಿಗೆ ಇಂಡಿಗೊಬರ್ಡ್ ಎಂದು ಹೆಸರು. ಇವು ವಿಡುವಾ ಕುಲಕ್ಕೆ ಸೇರಿದವು. ಸಂತಾನಕಾಲದಲ್ಲಿ ಗಂಡಿನ ಮೈ ನೀಲಿ, ನೇರಳೆ ಅಥವಾ ಹಸಿರು ಹೊಳಪಿನ ಕಪ್ಪು ಬಣ್ಣಕ್ಕೆ ತಿರುಗುತ್ತದೆ; ಹೆಣ್ಣಿನದು ಗೆರೆಗೆರೆಯ ಕಂದು ಮೈ. ಗೂಡು ಕಟ್ಟುವುದಾಗಲಿ, ಕಾವು ಕೊಡುವುದಾಗಲಿ, ಮರಿಗೆ ಗುಟುಕು ಕೊಡುವುದಾಗಲಿ ಇವುಗಳಿಗೆ ಗೊತ್ತಿಲ್ಲ. ಮೊಟ್ಟೆ ಇಡುವುದು ಬೇರೆ ಹಕ್ಕಿಯ ಗೂಡಿನಲ್ಲಿ.

ಈ ಗುಂಪಿನಲ್ಲಿ ಹೆಚ್ಚು ಪರಿಚಿತವಾದ ವಿಲೇಜ್ ಇಂಡಿಗೊಬರ್ಡ್ ಆಯ್ದುಕೊಳ್ಳುವುದು ಕೆಂಪು ಕೊಕ್ಕಿನ ಫೈರ್‌ಫಿಂಚ್ ಎಂಬ ಪುಟ್ಟ ಹಕ್ಕಿಯ ಗೂಡನ್ನು. ಈ ಫೈರ್‌ಫಿಂಚ್ ನಮ್ಮ ರಾಟವಾಳಗಳ ಕುಟುಂಬದ್ದೇ. ಎರಡರ ಮೊಟ್ಟೆಗಳೂ ಬಿಳಿ. ಮರಿ ಬಾಯಿ ತೆರೆದಾಗ ಅಂಗುಳಿನ ಮೇಲೆ ಕಾಣುವ ಕಪ್ಪು ಚುಕ್ಕೆಗಳು ಮತ್ತು ಬಾಯಂಚಿನ ಹೊಳೆಯುವ ಗುಬುಟುಗಳು ಸಹ ಫೈರ್‌ಫಿಂಚ್ ಮರಿಯವನ್ನೇ ಹೋಲುತ್ತವೆ. ಈ ಹೋಲಿಕೆಯನ್ನು ಜರ್ಮನಿಯ ಯುರ್ಗನ್ ನಿಕೊಲಾಯ್ 1964ರಲ್ಲಿ ವಿವರವಾಗಿ ದಾಖಲಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ಇಂಡಿಗೊಬರ್ಡ್ ಮರಿಯು ಗೂಡಿನ ಇತರ ಮರಿಗಳನ್ನು ಕೊಲ್ಲುವುದಿಲ್ಲ, ಅವುಗಳ ಜೊತೆಯಲ್ಲೇ ಗುಟುಕು ಪಡೆದು ಬೆಳೆಯುತ್ತದೆ.

ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆ ಕಾಗೆಯಂತೆ ಕೂಗಲು ಕಲಿಯದೆ, ಹುಟ್ಟಿನಿಂದಲೇ ಬಂದ ತನ್ನ ಕುಹೂ ದನಿಯನ್ನೇ ಹೊರಡಿಸುತ್ತದೆ. ಇಂಡಿಗೊಬರ್ಡ್ ಹಾಗಲ್ಲ. ಅದರ ಗಂಡುಮರಿ ತನ್ನನ್ನು ಸಾಕಿದ ಹಕ್ಕಿಯ ಹಾಡನ್ನು ಕಲಿತು, ಬೆಳೆದ ಮೇಲೆ ಮರದ ತುದಿಯಲ್ಲಿ ಕುಳಿತು ತನ್ನ ಕುಲದ ಒರಟು ಚಿಲಿಪಿಲಿಯೊಡನೆ ಅದನ್ನೂ ಬೆರೆಸಿ ಹಾಡುತ್ತದೆ. ಅದೇ ಹಾಡನ್ನು ಕೇಳುತ್ತ ಬೆಳೆದ ಹೆಣ್ಣು ಅಂಥ ಗಂಡನ್ನೇ ಕೂಡುತ್ತದೆ, ಮೊಟ್ಟೆಯಿಡಲು ಆ ಹಾಡಿನ ಒಡೆಯನ ಗೂಡನ್ನೇ ಹುಡುಕುತ್ತದೆ. ಹೆತ್ತವರನ್ನು ಕಾಣದೆ ಬೆಳೆದ ಹಕ್ಕಿಗೆ ತನ್ನವರನ್ನು ಗುರುತಿಸಲು ಇದಕ್ಕಿಂತ ಸೊಗಸಾದ ದಾರಿಯನ್ನು ಊಹಿಸುವುದು ಕಷ್ಟ.

ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಪೇನ್ ಮತ್ತು ಸಂಗಡಿಗರು ಇದನ್ನು ಪ್ರಯೋಗದಿಂದ ಪರೀಕ್ಷಿಸಿದರು. ಬಿಳಿಸೊಂಟದ ರಾಟವಾಳದ ಸಾಕುತಳಿಯಾದ ಬೆಂಗಾಲೀಸ್ ಫಿಂಚ್‌ಗಳ ಕೈಯಲ್ಲಿ ವಿಲೇಜ್ ಇಂಡಿಗೊಬರ್ಡ್ ಮರಿಗಳನ್ನು ಬೆಳೆಸಿದಾಗ, ಗಂಡುಗಳು ಬೆಂಗಾಲೀಸ್ ಫಿಂಚ್‌ನ ಹಾಡನ್ನು ಹಾಡಿದವು. ಹೆಣ್ಣುಗಳು ಆ ಹಾಡಿಗೇ ಒಲಿದು, ಆ ಫಿಂಚ್‌ಗಳ ಗೂಡಿನಲ್ಲೇ ಮೊಟ್ಟೆಯಿಟ್ಟವು. ಅಂದರೆ ಹೆಣ್ಣೊಂದು ಎಂದಾದರೂ ಬೇರೆ ಜಾತಿಯ ಗೂಡಿನಲ್ಲಿ ಮೊಟ್ಟೆಯಿಟ್ಟು, ಮರಿ ಉಳಿದುಕೊಂಡರೆ, ಒಂದೇ ತಲೆಮಾರಿನಲ್ಲಿ ಹೊಸ ಹಾಡಿನ ಹೊಸ ಬಳಗ ಹುಟ್ಟಿ ಹಳೆಯ ಬಳಗದಿಂದ ದೂರವಾಗಬಹುದು. ಹೊಸ ಪ್ರಭೇದಗಳು ಹೀಗೆಯೇ ಮೂಡಿದವೆಂಬ ವಾದಕ್ಕೆ ಮೈಕೆಲ್ ಸೊರೆನ್ಸನ್, ಕ್ರಿಸ್ಟೀನಾ ಸೆಫ್ಟ್ಸ್ ಮತ್ತು ಪೇನ್ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಳಿವಿಜ್ಞಾನದ ಆಧಾರ ಒದಗಿಸಿದರು.

ಹಲವು ಇಂಡಿಗೊಬರ್ಡ್ ಪ್ರಭೇದಗಳ ಗಂಡುಗಳು ನೋಡಲು ಬಹುಮಟ್ಟಿಗೆ ಒಂದೇ ತೆರ. ಆದ್ದರಿಂದ ಪಕ್ಷಿವೀಕ್ಷಕರು ಅವುಗಳ ಕಾಲು, ಕೊಕ್ಕಿನ ಬಣ್ಣದ ಜೊತೆಗೆ ಅವು ಅನುಕರಿಸುವ ಹಾಡನ್ನೂ ಕಿವಿಗೊಟ್ಟು ಕೇಳಬೇಕಾಗುತ್ತದೆ: ಜೇಮ್ಸನ್ ಫೈರ್‌ಫಿಂಚ್‌ನ ಹಾಡು ಕೇಳಿಸಿದರೆ ಅದು ಪರ್ಪಲ್ ಇಂಡಿಗೊಬರ್ಡ್, ಆಫ್ರಿಕನ್ ಫೈರ್‌ಫಿಂಚ್‌ನದು ಕೇಳಿಸಿದರೆ ಬಹುತೇಕ ಡಸ್ಕಿ ಇಂಡಿಗೊಬರ್ಡ್.