ನೆಲದಡಿಯ ಮರದಿಂದ ಎದ್ದ ಐರಿಷ್ ಮನೆಗಳು

ಐರ್ಲೆಂಡಿನ ಹಳ್ಳಿಗರಿಗೆ ಮನೆ ಕಟ್ಟಲು ಕಲ್ಲು, ಮಣ್ಣು ಬೇಕಾದಷ್ಟಿತ್ತು. ಇಲ್ಲದ್ದು ಮರ. 17ನೇ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿನ ಕಾಡು ಹೆಚ್ಚುಕಡಿಮೆ ಬರಿದಾಗಿತ್ತು. ಉಳಿದ ಮರ ಜಮೀನುದಾರರ ಪಾಲು. ಹಾಗಾದರೆ ಬಡವರ ಮನೆಗೆ ತೊಲೆ ಎಲ್ಲಿಂದ ಬರಬೇಕು?

ಜೌಗಿನ ಅಡಿಯಿಂದ. ಐರ್ಲೆಂಡಿನಲ್ಲಿ ಪೀಟ್, ಅಂದರೆ ಅರೆಕೊಳೆತ ಸಸ್ಯಗಳ ಮಣ್ಣು, ತುಂಬಿದ ಜೌಗು ನೆಲ ಜಾಸ್ತಿ. ಅದರ ನೀರು ಹುಳಿ. ಒಳಗಿಳಿದಂತೆ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಮರ ಕೊಳೆಸುವ ಶಿಲೀಂಧ್ರಗಳು ಅಲ್ಲಿ ಬದುಕುವುದು ಕಷ್ಟ. ಹಾಗಾಗಿ ಸಾವಿರಾರು ವರ್ಷಗಳ ಹಿಂದೆ ಹೂತುಹೋದ ಓಕ್, ಪೈನ್ ಮರಗಳು ಗಟ್ಟಿಯಾಗೇ ಉಳಿದಿದ್ದವು. ಅವನ್ನು ಹುಡುಕುವ ಉಪಾಯವೂ ಚೆನ್ನಾಗಿದೆ. ಬೆಳಿಗ್ಗೆ ಇಬ್ಬನಿ ಎಲ್ಲಿ ಬೇಗ ಆರುತ್ತದೆ ಎಂದು ನೋಡಿ, ಅಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ ಚುಚ್ಚುತ್ತಿದ್ದರು. ಗಟ್ಟಿಯಾದದ್ದು ತಾಗಿದರೆ ಅಗೆತ ಶುರು. ಪೈನ್ ಮರವನ್ನು ತೆಳ್ಳಗೆ ಸೀಳಿ ಹಗ್ಗವನ್ನೂ ಹೊಸೆಯುತ್ತಿದ್ದರು.

ಉದ್ದ ತೊಲೆ ಸಿಗುವುದು ಅಪರೂಪ, ಅಲ್ವಾ? ಹಾಗಾಗಿ ಮನೆಯ ಅಗಲ ಒಂದು ಕೋಣೆಯಷ್ಟೇ. ಬೆಳೆಸಬೇಕೆಂದರೆ ಉದ್ದಕ್ಕೆ, ಕೋಣೆಯ ಪಕ್ಕ ಕೋಣೆ.

ತೊಲೆಗಳ ಮೇಲೆ ಮೊದಲು ಹುಲ್ಲುಗಾವಲಿನ ಮೇಲ್ಪದರ ಬರುತ್ತಿತ್ತು. ಬೇರುಸಮೇತ ಉದ್ದಕ್ಕೆ ಕತ್ತರಿಸಿ, ಚಾಪೆಯಂತೆ ಸುರುಳಿ ಸುತ್ತಿ ತಂದು ಹಾಸುತ್ತಿದ್ದರು. ಅದರ ಮೇಲೆ ಓಟ್ಸ್ ಅಥವಾ ರೈ ಎಂಬ ಧಾನ್ಯದ ಒಣಹುಲ್ಲು. ಅದನ್ನು ಹೇಝಲ್ ಗಿಡದ ಬಾಗಿಸಿದ ಕಡ್ಡಿಗಳಿಂದ ಚುಚ್ಚಿ ಹಿಡಿಸುವುದು ವಾಡಿಕೆ. ಆದರೆ ಡೊನೆಗಲ್‌ನಂಥ ಅಟ್ಲಾಂಟಿಕ್ ಕರಾವಳಿಯ ಗಾಳಿಗೆ ಇಷ್ಟು ಸಾಲದು. ಅಲ್ಲಿ ಇಡೀ ಮಾಡಿಗೆ ಹಗ್ಗದ ಬಲೆ ಹೊದಿಸಿ, ಗೋಡೆಯಿಂದ ಹೊರಚಾಚಿದ ಕಲ್ಲಿನ ಗೂಟಗಳಿಗೆ ಬಿಗಿಯುತ್ತಿದ್ದರು.

ಗೋಡೆ ಪಶ್ಚಿಮದಲ್ಲಿ ಹೆಚ್ಚಾಗಿ ಕಲ್ಲಿನದು. ಪೂರ್ವದಲ್ಲಿ ಜೇಡಿಮಣ್ಣಿಗೆ ಹುಲ್ಲು ಸೇರಿಸಿ ತುಳಿದು ಹದಮಾಡಿ, ವರಸೆ ವರಸೆಯಾಗಿ ಏರಿಸುತ್ತಿದ್ದರು. ಒಂದು ವರಸೆ ಬಿಗಿಯುವ ತನಕ ಮುಂದಿನದಕ್ಕೆ ಕಾಯಬೇಕಿತ್ತು. ಅರ್ಧ ಮೀಟರಿಗೂ ಹೆಚ್ಚು ದಪ್ಪದ ಆ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಆದರೂ ಅದರಲ್ಲಿ ಸಣ್ಣ ರಂಧ್ರಗಳು ಉಳಿಯುವುದರಿಂದ ಗೋಡೆಯೊಳಗಿನ ತೇವ ಹೊರಗೆ ಹೋಗಬಲ್ಲದು. ಮುಂದೆ ಇಂಥ ಗೋಡೆಗಳಿಗೆ ಸಿಮೆಂಟ್ ಮೆತ್ತಿದ್ದು, ನನ್ನ ಪ್ರಕಾರ, ಶುದ್ಧ ಎಡವಟ್ಟು. ತೇವ ಒಳಗೇ ಸಿಕ್ಕಿಬಿತ್ತು.

ಅಂದ ಹಾಗೆ, ಪೋಸ್ಟ್‌ಕಾರ್ಡಿನ ಬಿಳಿ ಮನೆಗಳು ಕಡು ಬಡವರವಲ್ಲ. 1841ರ ಜನಗಣತಿ ಮನೆಗಳನ್ನು ನಾಲ್ಕು ದರ್ಜೆಯಾಗಿ ವಿಂಗಡಿಸಿತ್ತು. ಕೊನೆಯ ದರ್ಜೆಯವು ಒಂದೇ ಕೋಣೆಯ ಮಣ್ಣಿನ ಗುಡಿಸಲುಗಳು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇಂಥವೇ. 1845ರಲ್ಲಿ ಶುರುವಾದ ಮಹಾ ಬರಗಾಲದಲ್ಲಿ ಅಲ್ಲಿದ್ದವರು ಸತ್ತರು, ವಲಸೆ ಹೋದರು, ಇಲ್ಲವೇ ಒಕ್ಕಲೆಬ್ಬಿಸಲ್ಪಟ್ಟರು. ಮಾಡು ಹೋದ ಮಣ್ಣಿನ ಗೋಡೆ ಆ ಮಳೆಗೆ ಹೆಚ್ಚು ಕಾಲ ನಿಲ್ಲುವುದಿಲ್ಲ. ಅದಕ್ಕೇ ಆ ಗುಡಿಸಲುಗಳು ಇಂದು ನೋಡಲು ಸಿಗುವುದೇ ಕಷ್ಟ.