ಆಟೋಮ್ಯಾಟಿಕ್ ವಾಚು ಬಾಹ್ಯಾಕಾಶದಲ್ಲಿ ನಿಂತುಹೋಗುತ್ತದಾ?

ಪ್ರಶ್ನೆ: ಸರ್, ರಷ್ಯಾದ ಗಗನಯಾತ್ರಿಗಳು ಯಾವ ವಾಚು ಕಟ್ಟಿಕೊಂಡು ಹೋಗ್ತಿದ್ರು? ಮೇಲೆ ಗುರುತ್ವಾಕರ್ಷಣೆ ಇಲ್ಲದ ಕಾರಣ ಆಟೋಮ್ಯಾಟಿಕ್ ವಾಚು (ಕೈ ಅಲುಗಿದರೆ ತಾನೇ ಕೀ ಆಗೋದು) ಓಡಲ್ಲ, ಅದಕ್ಕೇ ಅವರು ಕೀ ಕೊಡೋ ವಾಚು ಕಟ್ಟಿದ್ದು ಅಂತಾರೆ. ನಿಜಾನಾ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಪ್ರಶ್ನೆ ಮತ್ತೆ ಬರುತ್ತದೆ. ಏಪ್ರಿಲ್ ಬಂತೆಂದರೆ ಇನ್ನೂ ಜಾಸ್ತಿ. ಈ ಸಲ ಪೂರ್ತಿಯಾಗಿಯೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ದಯವಿಟ್ಟು ಇದನ್ನೇ ಅವರಿಗೆ ಓದಿಸಿ.

ಮೊದಲ ಭಾಗ ಸುಲಭ. 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ವೊಸ್ತೋಕ್ ನೌಕೆಯಲ್ಲಿ 108 ನಿಮಿಷ ಹಾರಿ ಬಂದಾಗ ಅವರ ಕೈಯಲ್ಲಿದ್ದದ್ದು ಶ್ತುರ್ಮಾನ್‌ಸ್ಕಿಯೆ ವಾಚು. ಮಾಸ್ಕೋದ ಮೊದಲನೇ ವಾಚ್ ಕಾರ್ಖಾನೆಯದು. ಬಾಹ್ಯಾಕಾಶಕ್ಕೆಂದು ಮಾಡಿದ್ದಲ್ಲ, ವಾಯುಪಡೆಯ ಪೈಲಟ್‌ಗಳಿಗೆ ಕೊಡುತ್ತಿದ್ದ ವಾಚು. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅಗಲ 33 ಮಿ.ಮೀ. ಅಷ್ಟೇ, ಇವತ್ತಿನ ಗಂಡಸರ ವಾಚಿನ ಪಕ್ಕ ಇಟ್ಟರೆ ಪುಟ್ಟದು. ಕೀ ಕೊಡುವ ತಿರುಪನ್ನು ಹೊರಗೆ ಎಳೆದರೆ ಸೆಕೆಂಡಿನ ಮುಳ್ಳು ಅಲ್ಲೇ ನಿಲ್ಲುತ್ತದೆ. ಎಲ್ಲರೂ ಒಟ್ಟಿಗೆ ಒಳಗೆ ಒತ್ತಿದರೆ ಇಡೀ ತಂಡದ ವಾಚುಗಳು ಒಂದೇ ಸೆಕೆಂಡಿಗೆ ಹೊಂದಿಕೊಳ್ಳುತ್ತವೆ. ಪೈಲಟ್‌ಗಳಿಗೆ ಬೇಕಾಗಿದ್ದದ್ದು ಅದೇ.

ಗಗಾರಿನ್‌ಗಿಂತ ಮುಂಚೆಯೇ ಒಂದು ಕೈಗಡಿಯಾರ ಮೇಲೆ ಹೋಗಿತ್ತು, ನಾಯಿಯ ಕಾಲಿಗೆ ಕಟ್ಟಿಕೊಂಡು. 1961ರ ಮಾರ್ಚ್ 9ರಂದು ಚೆರ್ನುಶ್ಕಾ ಎಂಬ ನಾಯಿಯನ್ನು ಕಳಿಸುವಾಗ ವೈದ್ಯ ಅಬ್ರಾಮ್ ಗೆನಿನ್ ತಮ್ಮ ಪೊಬೆದಾ ವಾಚನ್ನು ಅದರ ಕಾಲಿಗೆ ಕಟ್ಟಿದ್ದರು. ನೌಕೆ ಭೂಮಿಗೆ ಒಂದು ಸುತ್ತು ಹಾಕಿ ಇಳಿಯಿತು. ನಾಯಿಯೂ ಕ್ಷೇಮವಾಗಿ ಬಂತು, ವಾಚೂ ಬಂತು.

ಆಮೇಲೆ ಅಲೆಕ್ಸಿ ಲಿಯೊನೊವ್. 1965ರ ಮಾರ್ಚ್ 18ರಂದು ವೊಸ್ಖೋದ್-2 ನೌಕೆಯಿಂದ ಹೊರಬಂದು ಸುಮಾರು 12 ನಿಮಿಷ ತೇಲಿದವರು. ಅವರದು ಸ್ತ್ರೆಲಾ. ಸ್ಟಾಪ್‌ವಾಚ್ ಸೇರಿಕೊಂಡಿರುವ ಕ್ರೊನೊಗ್ರಾಫ್, 45 ನಿಮಿಷದವರೆಗೆ ಎಣಿಸುವ ಚಿಕ್ಕ ಡಯಲ್ ಬೇರೆ. ಒಳಗಿನ ಯಂತ್ರ ಸ್ವಿಟ್ಜರ್ಲೆಂಡಿನ ವೀನಸ್ 150ರ ಮಾದರಿಯದು. ಅದೇ ಯಾನದಲ್ಲಿ ಸೆಕೆಂಡಿನ ಬೆಲೆ ಏನು ಅಂತಲೂ ಗೊತ್ತಾಯಿತು. ಇಳಿಯುವ ಸ್ವಯಂಚಾಲಿತ ವ್ಯವಸ್ಥೆ ಕೈಕೊಟ್ಟು, ಕಮಾಂಡರ್ ಪಾವೆಲ್ ಬೆಲ್ಯಾಯೆವ್ ಕೈಯಾರೆ ಎಂಜಿನ್ ಹೊತ್ತಿಸಬೇಕಾಯಿತು. ಸೀಟಿಗೆ ಮರಳುವಷ್ಟರಲ್ಲಿ ಸುಮಾರು 46 ಸೆಕೆಂಡ್ ತಡವಾಯಿತು. ಸೆಕೆಂಡಿಗೆ ಸುಮಾರು 8 ಕಿ.ಮೀ. ಓಡುವ ನೌಕೆ ಅದು. ಇಳಿದದ್ದು ಗುರಿಯಿಂದ ನೂರಾರು ಕಿ.ಮೀ. ಆಚೆ, ಪೆರ್ಮ್ ಸೀಮೆಯ ಹಿಮದ ಕಾಡಿನಲ್ಲಿ.

ಈಗ ಎರಡನೇ ಭಾಗಕ್ಕೆ ಬರೋಣ. ಆಟೋಮ್ಯಾಟಿಕ್ ವಾಚು ಮೇಲೆ ಓಡುವುದಿಲ್ಲ ಎಂಬ ಮಾತು ಸುಳ್ಳು. ಅದರಲ್ಲಿ ಒಂದಲ್ಲ, ಮೂರು ತಪ್ಪುಗಳಿವೆ.

ನೌಕೆ ಇರುವಲ್ಲಿ ಗುರುತ್ವ ಇಲ್ಲ ಅನ್ನುವುದೇ ಮೊದಲ ತಪ್ಪು. 400 ಕಿ.ಮೀ. ಎತ್ತರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಸುಮಾರು ಶೇ. 90ರಷ್ಟು ಇರುತ್ತದೆ. ಇಲ್ಲದಿದ್ದರೆ ನೌಕೆ ಭೂಮಿಯನ್ನು ಸುತ್ತುವ ಬದಲು ನೇರ ಹೊರಟುಹೋಗುತ್ತಿತ್ತು. ನೌಕೆ, ಮನುಷ್ಯ, ವಾಚು ಎಲ್ಲವೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ತೂಕ ಗೊತ್ತಾಗುವುದಿಲ್ಲ, ಅಷ್ಟೇ.

ವಾಚು ನಡೆಯಲು ತೂಕ ಬೇಕು ಅನ್ನುವುದು ಎರಡನೆಯದು. ಲೋಲಕದ ಗೋಡೆ ಗಡಿಯಾರಕ್ಕೆ ಬೇಕು, ಒಪ್ಪುತ್ತೇನೆ. ಅದನ್ನು ಮೇಲೆ ಒಯ್ದರೆ ಲೋಲಕ ಆಡುವುದಿಲ್ಲ. ಆದರೆ ಕೈಗಡಿಯಾರದಲ್ಲಿ ಲೋಲಕ ಎಲ್ಲಿದೆ? ಅಲ್ಲಿರುವುದು ಬ್ಯಾಲೆನ್ಸ್ ವೀಲ್ ಎಂಬ ಪುಟ್ಟ ಚಕ್ರ. ಅದನ್ನು ಆಚೀಚೆ ತಿರುಗಿಸುವುದು ಕೂದಲೆಳೆಯಂಥ ಸ್ಪ್ರಿಂಗು. ಗಗಾರಿನ್ ಕಾಲದ ವಾಚುಗಳಲ್ಲಿ ಅದು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಹೊಯ್ದಾಡುತ್ತಿತ್ತು. ಆ ಸ್ಪ್ರಿಂಗಿಗೆ ಭೂಮಿ ಎಲ್ಲಿದೆ ಅಂತ ಗೊತ್ತಾಗಬೇಕಾಗಿಯೇ ಇಲ್ಲ. ನಿಜ ಹೇಳಬೇಕೆಂದರೆ ಗುರುತ್ವ ವಾಚಿಗೆ ತೊಂದರೆಯನ್ನೇ ಕೊಡುತ್ತದೆ. ಚಕ್ರದ ಒಂದು ಬದಿ ಕೊಂಚ ಭಾರವಿದ್ದರೂ, ವಾಚನ್ನು ಮಲಗಿಸಿದಾಗ ಒಂದು ವೇಗ, ನಿಲ್ಲಿಸಿದಾಗ ಇನ್ನೊಂದು ವೇಗ. ರಿಪೇರಿಯವರನ್ನು ಕೇಳಿ, ಅವರೇ ಹೇಳುತ್ತಾರೆ. ಮೇಲೆ ಹೋದರೆ ಈ ವ್ಯತ್ಯಾಸ ಇರುವುದಿಲ್ಲ.

ಜನ ಜಾಸ್ತಿ ಪಟ್ಟು ಹಿಡಿಯುವುದು ಮೂರನೆಯದಕ್ಕೆ. ಆಟೋಮ್ಯಾಟಿಕ್ ವಾಚಿನ ಬೆನ್ನಿಗೆ ರೋಟರ್ ಎಂಬ ಅರ್ಧಚಂದ್ರದಂಥ ಭಾರದ ತಗಡು ಇರುತ್ತದೆ. ಅದು ತಿರುಗಿದರೆ ತಾನೇ ಕೀ ಆಗುವುದು. "ಕೆಳಗೆ ಎಳೆಯುವ ಶಕ್ತಿ ಇಲ್ಲದಿದ್ದರೆ ಅದು ಹೇಗೆ ತಿರುಗುತ್ತೆ?" ಅಂತ ಕೇಳುತ್ತಾರೆ. ತೂಕ ಹೋದರೂ ಜಡತ್ವ ಹೋಗುವುದಿಲ್ಲ ಅಲ್ವಾ? ಬಸ್ಸು ಗಕ್ಕನೆ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುವ ಹಾಗೆ, ಕೈ ಅಲುಗಿದಾಗಲೆಲ್ಲ ವಾಚಿನ ಕವಚ ಒಂದು ಕಡೆ ಹೊರಡುತ್ತದೆ, ರೋಟರ್ ಹಿಂದೆ ಉಳಿಯಲು ನೋಡುತ್ತದೆ. ಅದರ ಭಾರ ಒಂದೇ ಬದಿಗೆ ಇರುವುದರಿಂದ ತಿರುಗಿಬಿಡುತ್ತದೆ.

ನನ್ನ ಮಾತು ನಂಬಬೇಡಿ, ಮನೆಯಲ್ಲೇ ನೋಡಿ. ಎಚ್‌ಎಂಟಿ ಕಾಂಚನ್ ಆಗಲಿ, ಬೇರೆ ಯಾವುದೇ ಆಟೋಮ್ಯಾಟಿಕ್ ಆಗಲಿ, ಮಟ್ಟಸವಾದ ಮೇಜಿನ ಮೇಲೆ ಬಟ್ಟೆ ಹಾಸಿ ವಾಚನ್ನು ಚಪ್ಪಟೆಯಾಗಿ ಮಲಗಿಸಿ. ಬೆನ್ನಿಗೆ ಗಾಜಿದ್ದರೆ ಡಯಲ್ ಕೆಳಗೆ ಮಾಡಿ, ರೋಟರ್ ಕಾಣುತ್ತದೆ. ಈಗ ಗುರುತ್ವ ನೇರ ಕೆಳಕ್ಕೆ ಎಳೆಯುತ್ತಿದೆ, ರೋಟರ್ ಅಡ್ಡಡ್ಡ ತಿರುಗಬೇಕು. ತಿರುಗಿಸುವುದರಲ್ಲಿ ಗುರುತ್ವದ ಪಾಲು ಏನೂ ಇಲ್ಲ. ಬಟ್ಟೆಯನ್ನು ಹಿಡಿದು ವಾಚನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಜಗ್ಗಿ. ರೋಟರ್ ಗರಗರ ತಿರುಗುತ್ತದೆ, ಸದ್ದೂ ಕೇಳುತ್ತದೆ. ನೌಕೆಯಲ್ಲಿ ನಡೆಯುವುದೂ ಇದೇ. ನೆಲದ ಮೇಲಿನಷ್ಟು ಬೇಗ ಕೀ ತುಂಬದೇ ಇರಬಹುದು, ಆದರೆ ತುಂಬುತ್ತದೆ.

ಪುರಾವೆಯೂ ಬೇಕಾದಷ್ಟಿದೆ. ಅಮೆರಿಕದ ವಿಲಿಯಂ ಪೋಗ್ 1973ರ ನವೆಂಬರಿನಲ್ಲಿ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ತಮ್ಮದೇ ಸೀಕೊ ಆಟೋಮ್ಯಾಟಿಕ್ ಜೊತೆಗೆ ಒಯ್ದರು. 84 ದಿನಗಳ ಯಾನದಲ್ಲಿ ಅದು ಚೆನ್ನಾಗಿಯೇ ನಡೆಯಿತು. ಇನ್ನು ರಷ್ಯನ್ನರ ಮಾತು. 1994ರಿಂದ ಅವರ ಗಗನಯಾತ್ರಿಗಳಿಗೆಂದೇ ಅಧಿಕೃತವಾಗಿ ಆರಿಸಿಕೊಂಡ ಫೋರ್ಟಿಸ್ ಕ್ರೊನೊಗ್ರಾಫ್ ರಷ್ಯಾದ ಮೀರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಅದರೊಳಗಿದ್ದದ್ದು ಲೆಮಾನಿಯಾ 5100 ಯಂತ್ರ, ಅದು ಅಪ್ಪಟ ಆಟೋಮ್ಯಾಟಿಕ್. ಯಾರು "ಆಟೋಮ್ಯಾಟಿಕ್ ಬೇಡ ಅಂದರು" ಎಂದು ನೀವು ಕೇಳಿದ್ದೀರೋ ಅವರೇ ಅದನ್ನು ಕಟ್ಟಿಕೊಂಡರು.

ಹಾಗಾದರೆ ಗಗಾರಿನ್, ಲಿಯೊನೊವ್ ಯಾಕೆ ಕೀ ಕೊಡುವ ವಾಚು ಕಟ್ಟಿದರು? ವಾಯುಪಡೆ ಪೈಲಟ್‌ಗಳಿಗೆ ಕೊಟ್ಟಿದ್ದೇ ಅದು, ಅದಕ್ಕೆ. ಇನ್ನೊಂದು ವಿಷಯ, ಆಟೋಮ್ಯಾಟಿಕ್ ಕ್ರೊನೊಗ್ರಾಫ್ ಜಗತ್ತಿಗೆ ಬಂದದ್ದೇ 1969ರಲ್ಲಿ. 1965ರಲ್ಲಿ ಬೇಕೆಂದರೂ ಎಲ್ಲೂ ಸಿಗುತ್ತಿರಲಿಲ್ಲ. ಇಲ್ಲದ ವಸ್ತುವನ್ನು ಬೇಡ ಅಂದರು ಅಂತ ಸುಮ್ನೆ ಕಥೆ ಕಟ್ಟುವುದು ಸರಿಯಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಸಂಗತಿ ಬಿಡಲು ಮನಸ್ಸು ಬರುತ್ತಿಲ್ಲ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಮೇಲೆ ಹೋದವರ ವಾಚು ಎಲ್ಲಿಯ ಹೊತ್ತು ತೋರಿಸುತ್ತಿತ್ತು? ಸುಮಾರು ಒಂದೂವರೆ ಗಂಟೆಗೆ ಒಂದು ಸುತ್ತು, ದಿನಕ್ಕೆ ಹದಿನಾರು ಸೂರ್ಯೋದಯ. ಕಿಟಕಿ ನೋಡಿ ಬೆಳಗಾಯಿತೋ ರಾತ್ರಿಯಾಯಿತೋ ಹೇಳಲಾಗದು. 12 ಗಂಟೆಯ ಡಯಲ್‌ನಲ್ಲಿ ಏಳು ಅಂತ ಕಂಡರೆ ಯಾವ ಏಳು? ಅದಕ್ಕೇ 24 ಗಂಟೆಯ ಡಯಲ್ ಅಲ್ಲಿ ಕೆಲಸಕ್ಕೆ ಬರುತ್ತದೆ.

ಸೋವಿಯತ್ ನಿಲ್ದಾಣಗಳಲ್ಲಿ ನಡೆಯುತ್ತಿದ್ದದ್ದು ಮಾಸ್ಕೋ ಸಮಯ. ನಮ್ಮ ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಹೊರಟಾಗ ಇಲ್ಲಿ ಸಂಜೆ 6:38. ಮಾಸ್ಕೋದಲ್ಲಿ 5:08. ಅಲ್ಲಿ ಬೇಸಿಗೆ ಸಮಯ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಶುರುವಾಗಿ ಎರಡೇ ದಿನವಾಗಿತ್ತು, ಹಾಗಾಗಿ ಅಂತರ ಒಂದೂವರೆ ಗಂಟೆ. ಈಗ ರಷ್ಯಾದಲ್ಲಿ ಬೇಸಿಗೆ ಸಮಯ ಇಲ್ಲ, ಅಂತರ ವರ್ಷವಿಡೀ ಎರಡೂವರೆ ಗಂಟೆ. ಇವತ್ತಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಡೆಯುವುದು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದ ಪ್ರಕಾರ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ರಷ್ಯಾದ ನಿಯಂತ್ರಣ ಕೇಂದ್ರ ಮಾತ್ರ ತನ್ನ ಪ್ರಕಟಣೆಗಳಲ್ಲಿ ಮಾಸ್ಕೋ ಸಮಯವನ್ನೇ ಕೊಡುತ್ತದೆ. ಸೋಯುಜ್ ಉಡಾವಣೆಯ ನೇರಪ್ರಸಾರ ನೋಡಬೇಕೆಂದಿದ್ದರೆ ಅವರು ಹೇಳುವ ಹೊತ್ತಿಗೆ ಎರಡೂವರೆ ಗಂಟೆ ಸೇರಿಸಿಕೊಳ್ಳಿ.