ಹೊರದೇಶದವರ ಮನಸ್ಸು, ಅಮೆರಿಕದವರ ವೋಟು: 2004ನ್ನ ಇಟ್ಕೊಂಡು ಒಂದು ಟಿಪ್ಪಣಿ

ಹೊರದೇಶದವರ ಅಭಿಪ್ರಾಯ ಅಮೆರಿಕದ ಚುನಾವಣೆ ಮೇಲೆ ಎಷ್ಟು ಪರಿಣಾಮ ಮಾಡುತ್ತೆ ಅನ್ನೋ ಟಾಪಿಕ್ ಓದೋವಾಗ ಒಂದು ಕಡೆ ತುಂಬಾ ಜನ ಎಡವ್ತಾರೆ. ಯುರೋಪಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಬುಷ್ ಕಂಡ್ರೆ ಜನಕ್ಕೆ ಆಗ್ತಿರ್ಲಿಲ್ಲ, ಅದಕ್ಕೆ ಇರಾಕ್ ಯುದ್ಧದಲ್ಲಿ ಬುಷ್ ಜೊತೆ ನಿಂತ ಸ್ಪೇನ್ ಸರ್ಕಾರ ಬಿತ್ತು, ಹಾಗಾಗಿ ಬುಷ್‌ಗೂ ಹೊಡೆತ ಬಿತ್ತು ಅಂತ ಮೂರನ್ನೂ ಒಂದೇ ದಾರಕ್ಕೆ ಪೋಣಿಸಿಬಿಡ್ತೀವಿ. ಮೊದಲನೇದು ನಿಜ, ಎರಡನೇದು ಅರ್ಧ ನಿಜ, ಮೂರನೇದು ಆಗ್ಲೇ ಇಲ್ಲ, 2004ರ ನವೆಂಬರಲ್ಲಿ ಬುಷ್ 286-251 ಎಲೆಕ್ಟೋರಲ್ ವೋಟಲ್ಲಿ (ರಾಜ್ಯಗಳಿಗೆ ಹಂಚಿರೋ, ಅಧ್ಯಕ್ಷರು ಯಾರು ಅಂತ ತೀರ್ಮಾನಿಸೋ ವೋಟು) ಡೆಮಾಕ್ರಟಿಕ್ ಅಭ್ಯರ್ಥಿ ಕೆರ್ರಿ ಎದುರು ಮತ್ತೆ ಗೆದ್ರು.

ಸ್ವಲ್ಪ ಹಿಂದಿಂದ ನೋಡೋಣ. 2002ರ ಸೆಪ್ಟೆಂಬರಲ್ಲಿ ಜರ್ಮನಿ ಚುನಾವಣೆ. ಅಲ್ಲಿನ ಸರ್ಕಾರದ ಮುಖ್ಯಸ್ಥ ಶ್ರೋಡರ್ ಸಮೀಕ್ಷೆಗಳಲ್ಲಿ ಹಿಂದಿದ್ರು, ಆದ್ರೆ ಆಗಸ್ಟಲ್ಲಿ ಎಲ್ಬೆ ನದಿ ಪ್ರವಾಹವನ್ನ ಚೆನ್ನಾಗಿ ನಿಭಾಯಿಸಿದ್ರು, ಜೊತೆಗೆ ಅಮೆರಿಕ ಮಾಡೋಕೆ ಹೊರಟಿದ್ದ ಇರಾಕ್ ಯುದ್ಧಕ್ಕೆ ನಾವು ಬರಲ್ಲ ಅಂತ ಖಡಾಖಂಡಿತವಾಗಿ ಹೇಳಿದ್ರು. ಎರಡೂ ದೊಡ್ಡ ಬಣಗಳಿಗೆ ಬಂದಿದ್ದು ತಲಾ 38.5% ವೋಟು, ನಡುವೆ ಇದ್ದ ವ್ಯತ್ಯಾಸ ಬರೀ 6,000 ವೋಟಿನಷ್ಟು, ಆದ್ರೂ ಅವರ ಸರ್ಕಾರ ಉಳೀತು. ಬುಷ್ ಫೋನ್ ಮಾಡಿ ಅಭಿನಂದನೆ ಕೂಡ ಹೇಳ್ಲಿಲ್ಲ.

ಇನ್ನು ಸ್ಪೇನ್, ಇದನ್ನ ನಿಧಾನಕ್ಕೆ ಓದ್ಬೇಕು. 2004ರ ಮಾರ್ಚ್ 11ಕ್ಕೆ ಮ್ಯಾಡ್ರಿಡ್‌ನ ಲೋಕಲ್ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ರು, ಮೂರೇ ದಿನಕ್ಕೆ ಮತದಾನ ಇತ್ತು. ಅಲ್ಲೀತನಕ ಸಮೀಕ್ಷೆಗಳಲ್ಲಿ ಮುಂದಿದ್ದಿದ್ದು ಪ್ರಧಾನಿ ಅಸ್ನಾರ್ ಅವರ ಪಾಪ್ಯುಲರ್ ಪಾರ್ಟಿ. ಅಸ್ನಾರ್ ಸರ್ಕಾರ ಇದು ಸ್ಪೇನ್‌ನಿಂದ ಬೇರೆ ದೇಶ ಬೇಕು ಅಂತ ಹಿಂಸೆಗೆ ಇಳಿದಿದ್ದ ಬಾಸ್ಕ್ ಸಂಘಟನೆ ಇಟಿಎ ಕೆಲ್ಸ ಅಂತ ಪಟ್ಟು ಹಿಡೀತು, ಆದ್ರೆ ಸುಳಿವುಗಳೆಲ್ಲ ಇಸ್ಲಾಮಿ ಉಗ್ರರ ಕಡೆ ತೋರಿಸ್ತಾ ಹೋದ್ವು, ಸರ್ಕಾರ ನಮ್ಮ ಹತ್ರ ಸುಳ್ಳು ಹೇಳ್ತಿದೆ ಅನ್ನೋ ಸಿಟ್ಟಿಗೆ ಜನ ಪಕ್ಷದ ಕಚೇರಿಗಳ ಮುಂದೆ ಬಂದು ನಿಂತ್ರು. 350 ಸೀಟಲ್ಲಿ ಸಮಾಜವಾದಿಗಳಿಗೆ 164, ಪಾಪ್ಯುಲರ್ ಪಾರ್ಟಿಗೆ 148. ಸಮಾಜವಾದಿ ನಾಯಕ ಸಪಟೇರೊ ಪ್ರಧಾನಿ ಆಗಿ ಇರಾಕಲ್ಲಿದ್ದ ಸುಮಾರು 1,300 ಸೈನಿಕರನ್ನ ವಾಪಸ್ ಕರೆಸ್ಕೊಂಡ್ರು. ಅಮೆರಿಕದಲ್ಲಿ ಕೆಲವರು ಇದನ್ನ ಸ್ಪೇನ್ ಉಗ್ರರಿಗೆ ಹೆದರಿ ಮಣೀತು ಅಂತ ಓದಿದ್ರು. ನನಗೆ ಆ ಓದು ತಪ್ಪು ಅನ್ಸುತ್ತೆ, ಯಾಕಂದ್ರೆ ಯುದ್ಧದ ಮೇಲಿನ ಸಿಟ್ಟು ಒಂದು ವರ್ಷದಿಂದ ಇತ್ತು, ಆದ್ರೂ ಆ ಪಕ್ಷ ಮುಂದಿತ್ತು, ಕೊನೆಗೆ ಆ ಮೂರು ದಿನದಲ್ಲಿ ನಂಬಿಕೆ ಮುರಿದಿದ್ದು ದೊಡ್ಡದಾಯ್ತು.

ಅದೇ ವರ್ಷ ಅಕ್ಟೋಬರ್ 9ಕ್ಕೆ ಆಸ್ಟ್ರೇಲಿಯಾದಲ್ಲಿ ಉಲ್ಟಾ ಆಯ್ತು. ಪ್ರಧಾನಿ ಹೊವಾರ್ಡ್ ಇರಾಕ್‌ಗೆ ಸೈನ್ಯ ಕಳ್ಸಿದ್ದೋರು, ಎದುರಾಳಿ ಲೇಥಮ್ ಕ್ರಿಸ್‌ಮಸ್ ಒಳಗೆ ಸೈನಿಕರನ್ನ ಮನೆಗೆ ತರ್ತೀನಿ ಅಂದಿದ್ದೋರು. ಆದ್ರೆ ಹೊವಾರ್ಡ್ ಪ್ರಚಾರದಲ್ಲಿ ಎತ್ತಿ ಹಿಡಿದಿದ್ದು ಬಡ್ಡಿ ದರ, ಮನೆ ಸಾಲದ ಮಾತು, ಅವರೇ ಗೆದ್ರು.

ಈಗ ಅಮೆರಿಕದ ಒಳಗೆ. ಮಾರ್ಚಲ್ಲಿ ಕೆರ್ರಿ ಒಂದು ದೇಣಿಗೆ ಸಭೆಯಲ್ಲಿ, ಈ ಬುಷ್‌ನ ನೀವು ಸೋಲಿಸ್ಲೇಬೇಕು ಅಂತ ವಿದೇಶಿ ನಾಯಕರು ನನಗೆ ಹೇಳ್ತಾರೆ ಅನ್ನೋ ಅರ್ಥದಲ್ಲಿ ಮಾತಾಡಿದ್ರು ಅಂತ ಸುದ್ದಿ ಆಯ್ತು. ವರದಿಗಾರರು ಆಮೇಲೆ ಟೇಪ್ ಕೇಳಿ, ಅವರು ಅಂದಿದ್ದು ವಿದೇಶಿ ನಾಯಕರು ಅಂತಲ್ಲ, ಇನ್ನಷ್ಟು ನಾಯಕರು ಅಂತ ತಿದ್ದಿದ್ರು, ಆದ್ರೆ ಅಷ್ಟರಲ್ಲಿ ಯಾರು ಆ ನಾಯಕರು, ಹೆಸರು ಹೇಳಿ ಅಂತ ಬುಷ್ ಕಡೆಯೋರು ಹಿಡ್ಕೊಂಡುಬಿಟ್ಟಿದ್ರು. ಹೊರಗಿನ ಮೆಚ್ಚುಗೆ ಕೆರ್ರಿಗೆ ಆಸರೆ ಆಗೋ ಬದಲು ಕುತ್ತಿಗೆಗೆ ಬಂತು.

ಅಕ್ಟೋಬರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಇನ್ನೂ ಮುಂದೆ ಹೋಗಿ, ಅಮೆರಿಕದ ಒಹಾಯೋ ರಾಜ್ಯದ ಕ್ಲಾರ್ಕ್ ಕೌಂಟಿ (ನಮ್ಮ ಜಿಲ್ಲೆ ಥರ) ಮತದಾರರಿಗೆ ನೀವೇ ಪತ್ರ ಬರೀರಿ ಅಂತ ಓದುಗರಿಗೆ ವಿಳಾಸ ಕೊಡ್ತು. 2000ದಲ್ಲಿ ಅಲ್ಲಿ ಬುಷ್ ಎದುರು ನಿಂತಿದ್ದ ಡೆಮಾಕ್ರಟಿಕ್ ಅಭ್ಯರ್ಥಿ ಗೋರ್ 324 ವೋಟಲ್ಲಿ ಗೆದ್ದಿದ್ರು, ಅಷ್ಟು ಬಿಗಿ ಕೌಂಟಿ. ನಮ್ಮ ವೋಟಲ್ಲಿ ನೀವ್ಯಾಕೆ ಕೈ ಹಾಕ್ತೀರಿ ಅಂತ ಸಿಟ್ಟಿನ ಉತ್ತರಗಳು ಬಂದ್ವು, ಪತ್ರಿಕೆ ಅದನ್ನ ಬೇಗನೇ ನಿಲ್ಲಿಸ್ತು, ನವೆಂಬರಲ್ಲಿ ಕ್ಲಾರ್ಕ್ ಬುಷ್ ಕಡೆ ತಿರುಗ್ತು. ಪತ್ರಗಳಿಂದಲೇ ತಿರುಗ್ತು ಅಂತ ಮಾತ್ರ ಬರೀಬೇಡಿ, ಒಂದು ಕೌಂಟಿ ತಿರುಗೋಕೆ ಹತ್ತು ಕಾರಣ ಇರುತ್ತೆ. ಪತ್ರ ಕೆರ್ರಿಗೆ ನೆರವಾಗ್ಲಿಲ್ಲ ಅಂತ ಬರೀಬಹುದು, ಅಷ್ಟು ಸಾಕು.

ನಮ್ಮವರ ವಿಷಯದಲ್ಲೂ ಇದೇ ಕಾಣುತ್ತೆ. 2019ರ ಸೆಪ್ಟೆಂಬರಲ್ಲಿ ಹ್ಯೂಸ್ಟನ್‌ನಲ್ಲಿ ಸುಮಾರು 50,000 ಜನರ ಮುಂದೆ ಮೋದಿ, ಟ್ರಂಪ್ ಕೈ ಕೈ ಹಿಡ್ಕೊಂಡು ನಡೆದ್ರು, ಆದ್ರೆ 2020ರಲ್ಲಿ ಭಾರತ ಮೂಲದ ಮತದಾರರಲ್ಲಿ ಹೆಚ್ಚಿನವರು ಬೈಡನ್‌ಗೆ ಹಾಕಿದ್ರು. ಅಲ್ಲಿ ಬದುಕೋರಿಗೆ ಅಲ್ಲಿಯ ಆಸ್ಪತ್ರೆ ಖರ್ಚು, ವೀಸಾ, ಮಕ್ಕಳ ಶಾಲೆ ಮೊದಲು ಬರುತ್ತಲ್ವಾ.

ಅಮೆರಿಕದಿಂದ ಹೊರಗೆ ಹೋಗೋ ಪ್ರಭಾವ ಮಾತ್ರ ಬಲವಾಗಿದೆ, ಕೆನಡಾ 2025 ಅದಕ್ಕೆ ಒಳ್ಳೆ ಉದಾಹರಣೆ. ಜನವರಿಯಲ್ಲಿ ಕನ್ಸರ್ವೇಟಿವ್ ಪಕ್ಷ 20 ಪಾಯಿಂಟ್ ಮುಂದಿತ್ತು. ಟ್ರಂಪ್ ಸುಂಕ ಹಾಕ್ತೀನಿ, ಕೆನಡಾ 51ನೇ ರಾಜ್ಯ ಆಗ್ಲಿ ಅಂತ ಶುರು ಮಾಡಿದ್ರು, ಪ್ರಧಾನಿ ಟ್ರುಡೊ ಜಾಗಕ್ಕೆ ಅವರದೇ ಲಿಬರಲ್ ಪಕ್ಷದ ಕಾರ್ನಿ ಬಂದ್ರು, ಏಪ್ರಿಲ್ 28ಕ್ಕೆ 343ರಲ್ಲಿ ಲಿಬರಲ್ 169 ಸೀಟು ಗೆದ್ರು. ಕನ್ಸರ್ವೇಟಿವ್ ನಾಯಕ ಪೊಯಿಲಿಯೆವ್ರ್ ತಮ್ಮ ಸ್ವಂತ ಕ್ಷೇತ್ರಾನೇ ಕಳ್ಕೊಂಡ್ರು. ಆದ್ರೆ ಅವರ ಪಕ್ಷದ ವೋಟು ಕಮ್ಮಿ ಆಗಿರ್ಲಿಲ್ಲ, 2021ರಲ್ಲಿ 34% ಹತ್ರ ಇದ್ದಿದ್ದು 41% ಆಗಿತ್ತು. ಕುಸಿದಿದ್ದು ಎಡಪಕ್ಷ ಎನ್‌ಡಿಪಿ, ಟ್ರಂಪ್‌ಗೆ ಎದುರು ನಿಲ್ಲೋಕೆ ಯಾರಾದ್ರೂ ಗಟ್ಟಿ ಬೇಕು ಅಂತ ಅವರ ಮತದಾರರಲ್ಲಿ ತುಂಬಾ ಜನ ಲಿಬರಲ್ ಕಡೆ ಹೋದ್ರು, ಆ ಪಕ್ಷಕ್ಕೆ ಉಳಿದಿದ್ದು 7 ಸೀಟು.